‘ಡಿಫಿಕಲ್ಟ್ ಏರ್‌ವೇ’ ಮತ್ತು ‘ಸಿಮ್ಯುಲೇಷನ್’: ಒಪ್ಪುವ ಕನ್ನಡ ಪದಗಳು ಯಾವುವು?

ಮಾನ್ಯರೆ,

ಕೊಡಗಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆಯಾಗಿರುವ ನಾನು, ಶಸ್ತ್ರಚಿಕಿತ್ಸಾ ಕೊಠಡಿಯ ನರ್ಸ್‌ಗಳಿಗೂ ತಂತ್ರಜ್ಞರಿಗೂ ಉಪಯೋಗವಾಗಲೆಂದು ತರಬೇತಿಯ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಅರಿವಳಿಕೆ’ಯಂತಹ ಸೊಗಸಾದ ಪದವನ್ನು ಕಟ್ಟಿಕೊಂಡಿರುವ ನಮ್ಮ ಭಾಷೆಯಲ್ಲಿ ಅದೇ ವಿಭಾಗದ ಇನ್ನೆರಡು ಪದಗಳಿಗೆ ತಕ್ಕ ರೂಪ ಸಿಗದೆ ಬಹಳ ದಿನಗಳಿಂದ ಬರವಣಿಗೆ ನಿಂತಿದೆ. ಒಂದು ‘ಡಿಫಿಕಲ್ಟ್ ಏರ್‌ವೇ’, ಅಂದರೆ ಅರಿವಳಿಕೆ ಕೊಟ್ಟ ರೋಗಿಯನ್ನು ಉಸಿರಾಡಿಸುವುದು ವೈದ್ಯರಿಗೆ ಕಠಿಣವಾಗುವ ಸ್ಥಿತಿ; ಇನ್ನೊಂದು ‘ಸಿಮ್ಯುಲೇಷನ್’, ಅಂದರೆ ನಿಜದಂತಹ ಸನ್ನಿವೇಶ ಕಟ್ಟಿಕೊಂಡು ಮಾಡುವ ಅಭ್ಯಾಸ.

ಮೊದಲನೆಯದನ್ನು ನಾನು ‘ಕಷ್ಟಕರ ಶ್ವಾಸಮಾರ್ಗ’ ಎಂದು ಬರೆಯುತ್ತಿದ್ದೆ. ಅದು ಸಲ್ಲದೆಂದು ತಿಳಿದದ್ದು ಒಬ್ಬ ಕಾಫಿ ಬೆಳೆಗಾರರಿಂದ. ಹರ್ನಿಯಾ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅವರ ಶ್ವಾಸನಾಳಕ್ಕೆ ನಳಿಗೆ ಇಳಿಸಲು ನನಗೆ ಮೂರು ಪ್ರಯತ್ನಗಳು ಬೇಕಾಗಿದ್ದವು. ಮುಂದೆ ಅವರಿಗೆ ಎಲ್ಲಿಯೇ ಅರಿವಳಿಕೆ ಕೊಡಬೇಕಾಗಿ ಬಂದರೂ ಅಲ್ಲಿನ ವೈದ್ಯರು ಮೊದಲೇ ಸಿದ್ಧರಾಗಿರಲೆಂದು, ಇಂತಹ ಪ್ರಸಂಗಗಳಲ್ಲಿ ಕೊಡಬೇಕಾದ ಎಚ್ಚರಿಕೆಯ ಪತ್ರವನ್ನು ಕನ್ನಡದಲ್ಲಿಯೂ ಬರೆದುಕೊಟ್ಟೆ. ಅವರು ಅದನ್ನು ಓದಿ ತಮಗೆ ದಮ್ಮಿನ ಕಾಯಿಲೆ ಇದೆಯೆಂದು ಭಾವಿಸಿ, ಮೈಸೂರಿಗೆ ಹೋಗಿ ಶ್ವಾಸಕೋಶ ತಜ್ಞರನ್ನು ಕಂಡು, ಏನೂ ತೊಂದರೆಯಿಲ್ಲವೆಂದು ಅವರು ಹೇಳಿದ ಮೇಲೆ ಪತ್ರವನ್ನೇ ಮೂಲೆಗೆ ಹಾಕಿಬಿಟ್ಟಿದ್ದರು. “ದಿನವೂ ತೋಟದ ಏರು ಹತ್ತಿ ಇಳಿಯುತ್ತೇನೆ ಡಾಕ್ಟ್ರೇ, ನನಗೆ ಉಸಿರಾಟದ ಕಷ್ಟ ಎಲ್ಲಿದೆ?” ಎಂದು ಅವರು ಕೇಳಿದಾಗ, ನನ್ನ ಪದ ಅವರನ್ನು ದಾರಿ ತಪ್ಪಿಸಿತ್ತೆಂಬುದು ಸ್ಪಷ್ಟವಾಯಿತು.

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಎಚ್ಚರವಿರುವಾಗ ಅವರಿಗೆ ಯಾವ ಕಷ್ಟವೂ ಇಲ್ಲ. ಅರಿವಳಿಕೆ ಕೊಟ್ಟು ಸ್ನಾಯುಗಳನ್ನು ಸಡಿಲಿಸಿದಾಗ ನಾಲಿಗೆ ಹಿಂದಕ್ಕೆ ಜಾರುತ್ತದೆ, ಉಸಿರಾಟ ನಿಲ್ಲುತ್ತದೆ. ಆಗ ಅವರ ಪರವಾಗಿ ಉಸಿರಾಡಿಸುವ ಹೊಣೆ ನಮ್ಮದಾಗುತ್ತದೆ. ಸರಿಯಾದ ತರಬೇತಿ ಪಡೆದ ವೈದ್ಯರಿಗೂ ಮಾಸ್ಕಿನ ಮೂಲಕ ಗಾಳಿ ಕೊಡುವುದೋ, ನಳಿಗೆ ಇಳಿಸುವುದೋ, ಎರಡೂ ಅಥವಾ ಒಂದಾದರೂ ಕಠಿಣವಾಗುವ ಸನ್ನಿವೇಶಕ್ಕೆ ಆ ಇಂಗ್ಲಿಷ್ ಹೆಸರು. ಅಂದರೆ ಕಷ್ಟವಿರುವುದು ಉಸಿರಾಡುವವರಿಗಲ್ಲ, ಆ ದಾರಿಯಲ್ಲಿ ಸಾಗಬೇಕಾದವರಿಗೆ. ‘ಕಷ್ಟಕರ’ ಎಂಬ ವಿಶೇಷಣ ಈ ಭೇದವನ್ನು ಅಳಿಸಿಹಾಕುತ್ತದೆ.

‘ಇಕ್ಕಟ್ಟಾದ’ ಎನ್ನೋಣವೆಂದರೆ ದಾರಿ ಕಿರಿದಾಗಿಯೇ ಇರಬೇಕೆಂದಿಲ್ಲ. ಬಾಯಿ ಸಾಕಷ್ಟು ತೆರೆಯದಿರುವುದು, ಕುತ್ತಿಗೆ ಬಾಗದಿರುವುದು, ಕೆಳದವಡೆ ಹಿಂದಕ್ಕಿರುವುದು, ಇವೆಲ್ಲವೂ ಕಾರಣಗಳೇ. ‘ಜಟಿಲ’ ಎಂದರೆ ರೋಗ ಉಲ್ಬಣಿಸಿದಂತೆ ಕೇಳುತ್ತದೆ. ‘ವಾಯುಮಾರ್ಗ’ವನ್ನಂತೂ ವಿಮಾನಯಾನಕ್ಕೆ ಪತ್ರಿಕೆಗಳು ಬಿಟ್ಟುಕೊಟ್ಟಾಗಿದೆ.

ನನ್ನ ಮನಸ್ಸು ಈಗ ‘ದುರ್ಗಮ’ದ ಮೇಲೆ ನಿಂತಿದೆ. ಹೋಗಲು ಕಷ್ಟವಾದದ್ದು ಎಂಬುದೇ ಅದರ ಮೂಲಾರ್ಥ. 2018ರ ಆಗಸ್ಟ್ ತಿಂಗಳ ಭೂಕುಸಿತದ ದಿನಗಳಲ್ಲಿ ರಕ್ಷಣಾ ತಂಡಗಳು ತಲುಪಲಾರದ ಊರುಗಳನ್ನು ನಾವೆಲ್ಲ ‘ದುರ್ಗಮ ಪ್ರದೇಶ’ ಎಂದೇ ಕರೆದೆವು; ಆ ಮಾತಿನಲ್ಲಿ ಊರಿನವರ ನಡೆನುಡಿಯ ಬಗ್ಗೆ ಯಾವ ದೋಷಾರೋಪವೂ ಇರಲಿಲ್ಲ, ಅಲ್ಲಿಗೆ ಹೋಗಬೇಕಾದವರ ಪಾಡಷ್ಟೇ ಇತ್ತು. ನನಗೆ ಬೇಕಾದ ಅರ್ಥ ಇದೇ. ಏರ್‌ವೇಗೆ ‘ಉಸಿರುದಾರಿ’ ಎಂಬುದು ಕಾಲುದಾರಿ, ಕವಲುದಾರಿಗಳ ಸಾಲಿನಲ್ಲಿ ಸಹಜವಾಗಿ ನಿಲ್ಲುತ್ತದೆ. ಎರಡನ್ನೂ ಸಮಾಸ ಮಾಡಿದರೆ ಸಂಸ್ಕೃತ, ಕನ್ನಡ ಪದಗಳು ಬೆರೆತು ಅರಿಸಮಾಸವಾಗುವುದೆಂಬ ಆಕ್ಷೇಪ ಬರಬಹುದಾದ್ದರಿಂದ ‘ದುರ್ಗಮವಾದ ಉಸಿರುದಾರಿ’ ಎಂದು ಬಿಡಿಸಿ ಬರೆಯಲು ಯೋಚಿಸಿದ್ದೇನೆ.

ಇನ್ನು ‘ಸಿಮ್ಯುಲೇಷನ್’. ಬ್ರಿಟನ್ನಿನ ರಾಷ್ಟ್ರೀಯ ಪರಿಶೀಲನೆಯೊಂದು 2011ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪೂರ್ಣ ಅರಿವಳಿಕೆಯ ಸುಮಾರು 22,000 ಪ್ರಕರಣಗಳಲ್ಲಿ ಒಂದರಲ್ಲಿ ಉಸಿರುದಾರಿಗೆ ಸಂಬಂಧಿಸಿದ ಗಂಭೀರ ಅವಘಡ ಸಂಭವಿಸುತ್ತದೆ. ಇಷ್ಟು ವಿರಳವಾದುದನ್ನು ರೋಗಿಯ ಮೇಲೆ ಕಲಿಯಲಾಗದು, ಕಲಿಯಲೂ ಬಾರದು. ಆದ್ದರಿಂದ ನಾಲಿಗೆ ಊದಿಕೊಳ್ಳುವ, ದವಡೆ ಬಿಗಿದುಕೊಳ್ಳುವ ಮ್ಯಾನಿಕಿನ್ ಬೊಂಬೆಯನ್ನು ಮಲಗಿಸಿ, ಪರದೆಯ ಮೇಲೆ ಆಮ್ಲಜನಕದ ಅಂಕಿ ಇಳಿಯುತ್ತಿರುವಾಗ ಇಡೀ ತಂಡ ಕೆಲಸ ಮಾಡುತ್ತದೆ. ಎಲ್ಲ ಉಪಾಯಗಳೂ ಸೋತಾಗ ಗಂಟಲಮಣಿಯ ಕೆಳಗಿನ ಪೊರೆಯನ್ನು ಸೀಳಿ ನಳಿಗೆ ಇಳಿಸುವವರೆಗೂ ಅಭ್ಯಾಸ ಸಾಗುತ್ತದೆ.

ಇದಕ್ಕೆ ಬಳಕೆಯಲ್ಲಿರುವ ಪದ ‘ಅಣಕು’. ಅಗ್ನಿಶಾಮಕ ದಳದವರ ‘ಅಣಕು ಕಾರ್ಯಾಚರಣೆ’ಯಿಂದ ಬಂದದ್ದು. ಆದರೆ ‘ಅಣಕಿಸು’ ಕ್ರಿಯಾಪದದ ಹಾಸ್ಯ ಅದಕ್ಕೆ ಅಂಟಿಕೊಂಡಿದೆ. ಬೊಂಬೆಯ ಮುಂದೆ ನಿಂತವರ ಕೈ ನಡುಗುವುದು ಅಣಕಲ್ಲ, ನಿಜ. ‘ಅನುಕರಣೆ’ಯಲ್ಲಿ ನಕಲಿನ ಛಾಯೆಯಿದೆ. ನನಗೆ ಹಿಡಿಸಿದ ಪದ ‘ತಾಲೀಮು’. ನಮ್ಮ ದುಬಾರೆ, ಮತ್ತಿಗೋಡು ಶಿಬಿರಗಳ ಆನೆಗಳು ದಸರೆಗೆ ಹೋದಾಗ, 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊರುವ ಮೊದಲು ಅವಕ್ಕೆ ಮರಳುಮೂಟೆಯನ್ನೂ ಮರದ ಅಂಬಾರಿಯನ್ನೂ ಹೊರಿಸುತ್ತಾರೆ, ಬೆದರದಿರಲೆಂದು ಫಿರಂಗಿಯ ಸದ್ದು ಕೇಳಿಸುತ್ತಾರೆ. ಅದನ್ನು ಎಲ್ಲರೂ ತಾಲೀಮು ಎನ್ನುತ್ತಾರೆ. ತೂಕವೂ ಸದ್ದೂ ನಿಜ, ಮೆರವಣಿಗೆ ಮಾತ್ರ ಇನ್ನೂ ಬಂದಿಲ್ಲ. ನಾಟಕ ತಂಡದ ತಾಲೀಮಿನಲ್ಲಿರುವಂತೆ ತಪ್ಪಿದಾಗ ನಿಲ್ಲಿಸಿ ಮತ್ತೆ ಮಾಡುವ ಅವಕಾಶವೂ ಆ ಪದದೊಳಗಿದೆ. ಕೇವಲ ಕೈಚಳಕದ ಅಭ್ಯಾಸದಿಂದ ಬೇರ್ಪಡಿಸಲು ‘ಸನ್ನಿವೇಶ ತಾಲೀಮು’ ಎಂದರೆ ಹೇಗೆ?

ಪದ ಸರಳವಾಗಿರಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. 2005ರಲ್ಲಿ ಇಂಗ್ಲೆಂಡಿನಲ್ಲಿ ಸೈನಸ್ ಶಸ್ತ್ರಚಿಕಿತ್ಸೆಗೆಂದು ಬಂದ ಆರೋಗ್ಯವಂತ ಮಹಿಳೆಯೊಬ್ಬರ ಶ್ವಾಸನಾಳಕ್ಕೆ ನಳಿಗೆ ಇಳಿಯಲಿಲ್ಲ. ಕುತ್ತಿಗೆಯಲ್ಲಿ ರಂಧ್ರ ಮಾಡುವ ಸಲಕರಣೆಯನ್ನು ನರ್ಸ್ ಒಬ್ಬರು ತಂದು ತಿಳಿಸಿದರೂ ವೈದ್ಯರ ಗಮನ ಅತ್ತ ಹರಿಯಲಿಲ್ಲ, ಆಕೆ ಉಳಿಯಲಿಲ್ಲ. ವಿಮಾನ ಚಾಲಕರಾಗಿದ್ದ ಆಕೆಯ ಪತಿ ಆ ಸಾವನ್ನು ಜಗತ್ತಿನ ಅರಿವಳಿಕೆ ತಂಡಗಳಿಗೆ ಪಾಠವಾಗಿಸಿದರು. ಅಂತಹ ಹೊತ್ತಿನಲ್ಲಿ ಯಾರು ಆಡಿದ ಮಾತೂ ಇಡೀ ತಂಡಕ್ಕೆ ಆ ಕ್ಷಣವೇ ತಿಳಿಯಬೇಕು. ನಮ್ಮ ಕೊಠಡಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ ಮನೆಮಾತಿನವರು ಒಟ್ಟಿಗಿದ್ದೇವೆ. ಎಲ್ಲರಿಗೂ ಸಮಾನವಾದದ್ದು ಕನ್ನಡ. ಹೀಗಾಗಿ ತಾಲೀಮಿನಲ್ಲಿ ಘೋಷಣೆಯ ವಾಕ್ಯವನ್ನು “ನಳಿಗೆ ಇಳಿಯುತ್ತಿಲ್ಲ, ಗಾಳಿ ಹೋಗುತ್ತಿಲ್ಲ” ಎಂದು ಗೊತ್ತುಮಾಡಿಕೊಂಡಿದ್ದೇವೆ. ಇದನ್ನು ಕೇಳಿದವರು ಯಾರೂ ಅರ್ಥ ಕೇಳುತ್ತಾ ನಿಂತಿಲ್ಲ.

ತಮ್ಮಲ್ಲಿ ನನ್ನ ಪ್ರಶ್ನೆಗಳು ಇವು. ‘ದುರ್ಗಮ’ವು ರೋಗಿಯ ಕಿವಿಗೆ ಭಯ ಹುಟ್ಟಿಸುತ್ತದೆಯೆ? ಸಾಗಲು ಕಠಿಣವಾದ ದಾರಿಗೆ ಅರೆಭಾಷೆಯಲ್ಲಾಗಲಿ ಹಳಗನ್ನಡದಲ್ಲಾಗಲಿ ಇದಕ್ಕಿಂತ ಹತ್ತಿರದ ಪದವುಂಟೆ? ಅಥವಾ ಪತ್ರದಲ್ಲಿ ಪಾರಿಭಾಷಿಕ ಪದವನ್ನೇ ಬಿಟ್ಟು, ನಾನು ಈಗ ಬರೆದಿಟ್ಟಿರುವ ಈ ವಾಕ್ಯವೇ ಸಾಕೆ: “ಇವರಿಗೆ ಉಸಿರಾಟದ ಕಾಯಿಲೆ ಇಲ್ಲ, ಆದರೆ ಅರಿವಳಿಕೆ ಕೊಟ್ಟಾಗ ಇವರ ಗಂಟಲಿನಲ್ಲಿ ನಳಿಗೆ ಇಳಿಸುವುದು ವೈದ್ಯರಿಗೆ ಕಠಿಣವಾಗುತ್ತದೆ, ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಈ ಪತ್ರವನ್ನು ತಪ್ಪದೆ ತೋರಿಸಬೇಕು.” ಇದರಲ್ಲಿ ತಿದ್ದಬೇಕಾದ ಶಬ್ದವಿದ್ದರೆ ದಯವಿಟ್ಟು ತಿದ್ದಿಕೊಡಿ, ಆ ಬೆಳೆಗಾರರಿಗೆ ಹೊಸ ಪತ್ರವನ್ನು ಇನ್ನೂ ಕೊಡಬೇಕಾಗಿದೆ.