ಮೂರು ಆಪರೇಟಿಂಗ್ ಸಿಸ್ಟಮ್‌ಗಳಿಗೆ ಬೇರೆ ಬೇರೆ ಪ್ರೋಗ್ರಾಂ ಕಟ್ಟುವ ಬದಲು ಸ್ವಯಂಸೇವಕರಿಗೆ ಕಂಟೇನರ್ ಕಳುಹಿಸಬಹುದೇ?

ಅಲೆಮಾದರಿ (ಪ್ರಶ್ನೆ):

ನಾನು ಸಂಶೋಧನಾ ವಿದ್ಯಾರ್ಥಿನಿ. ಸಾಂಕ್ರಾಮಿಕ ರೋಗವೊಂದು ಜನರ ನಡುವೆ ಹೇಗೆ ಹಬ್ಬುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಂ ಬರೆದಿದ್ದೇನೆ. ಹೊರಭಾಗ ಪೈಥಾನ್, ಒಳಗಿನ ಭಾರದ ಲೆಕ್ಕವೆಲ್ಲ ಸಿ ಪ್ಲಸ್ ಪ್ಲಸ್. ಆರಂಭದ ಮೌಲ್ಯಗಳನ್ನು ಬದಲಿಸುತ್ತ ಇದನ್ನು ಲಕ್ಷಾಂತರ ಬಾರಿ ಓಡಿಸಬೇಕು. ಒಂದು ಓಟಕ್ಕೆ ಇನ್ನೊಂದರ ಉತ್ತರ ಬೇಕಿಲ್ಲವಾದ್ದರಿಂದ ಬಿಡಿ ಬಿಡಿಯಾಗಿ ಹಂಚಲು ಅಡ್ಡಿಯಿಲ್ಲ. ಜನರ ಮನೆಯ ಕಂಪ್ಯೂಟರುಗಳಿಗೆ ಲೆಕ್ಕದ ಕೆಲಸ ಹಂಚುವ ಬೋಯಿಂಕ್ ಎಂಬ ತಂತ್ರಾಂಶದ ಮೂಲಕ ಸ್ವಯಂಸೇವಕರ ನೆರವು ಕೇಳುವ ಆಸೆ ನನಗಿದೆ. ಆದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಕಂಪೈಲ್ ಮಾಡಬೇಕೆಂದು ಓದಿ ಕೈ ಸೋತಿದೆ. ನನಗೆ ಗೊತ್ತಿರುವುದು ಲಿನಕ್ಸ್ ಒಂದೇ.

ನಮ್ಮ ಪ್ರಯೋಗಾಲಯದಲ್ಲಿ ಇದರ ಡಾಕರ್ ಇಮೇಜ್ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ ಲೈಬ್ರರಿಗಳ ಕಟ್ಟು; ಅದನ್ನು ಓಡಿಸಿದಾಗ ಕಂಟೇನರ್ ಎನ್ನುತ್ತಾರೆ) ಸಿದ್ಧವಾಗಿದೆ, ಗಾತ್ರ 3 ಜಿಬಿ. ಅದನ್ನೇ ಹಂಚಿದರೆ ಸಾಲದೇ? ಕಂಟೇನರ್ ಬಳಸಿದರೆ ಎಲ್ಲ ಯಂತ್ರಗಳಲ್ಲೂ ಒಂದೇ ಉತ್ತರ ಬರುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಹಾಗಿದ್ದರೆ ಒಂದೇ ಕೆಲಸವನ್ನು ಇಬ್ಬರಿಗೆ ಕೊಟ್ಟು ತಾಳೆ ನೋಡುವುದನ್ನು ಕೈಬಿಡಬಹುದೇ?

ಸರ್ವರ್‌ಪಾಲಕ:

ಕಂಟೇನರ್ ಕಳುಹಿಸಬಹುದು, ಕಳುಹಿಸಿ. ತಾಳೆ ನೋಡುವುದನ್ನು ಮಾತ್ರ ಖಂಡಿತ ಬಿಡಬೇಡಿ.

ಬೋಯಿಂಕ್ 2002ರಲ್ಲಿ ಬಂದಾಗಿನಿಂದ ನೀವು ಹೇಳುವ ಕಷ್ಟ ಇದ್ದೇ ಇದೆ. ಪ್ರೋಗ್ರಾಂನೊಳಗೆ ಬೋಯಿಂಕ್‌ನ ಕರೆಗಳನ್ನು ಸೇರಿಸಬೇಕು, ಇಲ್ಲವೇ ಅದಕ್ಕೊಂದು ವ್ರ್ಯಾಪರ್ ಹೊದಿಸಬೇಕು. ಆಮೇಲೆ ಪ್ರತಿ ವೇದಿಕೆಗೂ ಕಟ್ಟಬೇಕು. ಲಿನಕ್ಸ್ ಒಂದಕ್ಕೆ ಕಟ್ಟಿದರೂ ಸ್ವಯಂಸೇವಕರ ಯಂತ್ರದಲ್ಲಿ ಸಿ ಲೈಬ್ರರಿ ಹಳೆಯದಿದ್ದರೆ ಪ್ರೋಗ್ರಾಂ ಶುರುವೇ ಆಗುವುದಿಲ್ಲ. ಕಣ ಭೌತಶಾಸ್ತ್ರದ ಪ್ರಯೋಗಾಲಯ ಸರ್ನ್‌ನ ಎಲ್‌ಎಚ್‌ಸಿ ಅಟ್ ಹೋಮ್ ಯೋಜನೆಯವರು ಇದಕ್ಕೆ ಕಂಡುಕೊಂಡ ದಾರಿ ವರ್ಚುವಲ್‌ಬಾಕ್ಸ್: ತಮ್ಮ ಲಿನಕ್ಸ್ ಪರಿಸರವನ್ನೇ ಇಡಿಯಾಗಿ ವರ್ಚುವಲ್ ಯಂತ್ರವಾಗಿ ಕಳುಹಿಸುವುದು. ವಿಜ್ಞಾನಿಗಳ ಹೊರೆ ಇಳಿಯಿತು, ಆದರೆ ಅದರಲ್ಲಿ ಒಂದು ಪಾಲು ಸ್ವಯಂಸೇವಕರ ಹೆಗಲೇರಿತು. ಅವರು ವರ್ಚುವಲ್‌ಬಾಕ್ಸ್ ಹಾಕಿಕೊಳ್ಳಬೇಕು, ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಬೇಕು, ಮೆಮೊರಿಯ ದೊಡ್ಡ ತುಂಡನ್ನು ಮೊದಲೇ ಬಿಟ್ಟುಕೊಡಬೇಕು.

ಕಂಟೇನರ್ ಇದಕ್ಕಿಂತ ಹಗುರ. ಅದು ಯಂತ್ರದ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅನ್ನೇ ಹಂಚಿಕೊಳ್ಳುತ್ತದೆ, ಲೈಬ್ರರಿಗಳನ್ನು ಮಾತ್ರ ತನ್ನೊಂದಿಗೆ ತರುತ್ತದೆ. ಬೋಯಿಂಕ್‌ನಲ್ಲಿ ಇದಕ್ಕೆಂದೇ ‘ಬುಡಾ’ ಎಂಬ ವ್ಯವಸ್ಥೆ ಇದೆ, ಬೋಯಿಂಕ್ ಯೂನಿವರ್ಸಲ್ ಡಾಕರ್ ಆ್ಯಪ್. ನಿಮ್ಮ ಪ್ರೋಗ್ರಾಂ ಮತ್ತು ಡಾಕರ್‌ಫೈಲ್ (ಇಮೇಜ್ ಕಟ್ಟುವ ಸೂಚನೆಗಳ ಫೈಲ್) ಕೊಟ್ಟರೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಡಬ್ಲ್ಯೂಎಸ್‌ಎಲ್ (ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗೆ, ಲಿನಕ್ಸ್‌ನಲ್ಲಿ ನೇರವಾಗಿ, ಡಾಕರ್ ಅಥವಾ ಪಾಡ್‌ಮನ್‌ನಿಂದ ಓಡುತ್ತದೆ. ನನ್ನ ಆಯ್ಕೆ ಪಾಡ್‌ಮನ್. ಡಾಕರ್‌ನ ಹಿನ್ನೆಲೆ ಸೇವೆ ಸಾಮಾನ್ಯವಾಗಿ ರೂಟ್ ಅಧಿಕಾರದಲ್ಲಿ, ಎಂದರೆ ಯಂತ್ರದ ಪೂರ್ಣ ಅಧಿಕಾರದಲ್ಲಿ, ಓಡುತ್ತದೆ. ಪಾಡ್‌ಮನ್‌ಗೆ ಅಂಥ ಸೇವೆಯೂ ಬೇಡ, ಆ ಅಧಿಕಾರವೂ ಬೇಡ. ಮನೆಯ ಕಂಪ್ಯೂಟರನ್ನು ನಂಬಿ ಕೊಟ್ಟವರಿಂದ ಅಗತ್ಯಕ್ಕಿಂತ ಹೆಚ್ಚಿನ ಅಧಿಕಾರ ಕೇಳಬಾರದು. ಪ್ರೋಸೆಸರ್ ಬಗೆ ಬೇರೆಯಾದರೆ ಇಮೇಜ್ ಕೂಡ ಬೇರೆಯಾಗಬೇಕು ಎಂಬುದು ನೆನಪಿರಲಿ. ಹೊಸ ಮ್ಯಾಕ್‌ಗಳು, ರಾಸ್ಪ್‌ಬೆರಿ ಪೈ ಮುಂತಾದವುಗಳಿಗೆ ಅವುಗಳ ಆರ್ಮ್ ಬಗೆಯ ಪ್ರೋಸೆಸರ್‌ಗೆ ತಕ್ಕ ಇಮೇಜ್ ಕಟ್ಟಬೇಕಾಗುತ್ತದೆ.

ಇನ್ನು ಒಂದೇ ಉತ್ತರದ ವಿಷಯ. ಕಂಟೇನರ್ ಲೈಬ್ರರಿಗಳನ್ನು ಒಂದೇ ಮಾಡುತ್ತದೆ, ಪ್ರೋಸೆಸರನ್ನಲ್ಲ. ಗಣಿತದ ಲೈಬ್ರರಿಗಳು ಓಡುವ ಹೊತ್ತಿನಲ್ಲಿ ಪ್ರೋಸೆಸರ್ ಯಾವುದೆಂದು ನೋಡಿ, ಅದಕ್ಕೆ ವೇಗವಾದ ದಾರಿ ಆರಿಸಿಕೊಳ್ಳುತ್ತವೆ. ಗುಣಾಕಾರ ಮತ್ತು ಸಂಕಲನವನ್ನು ಒಂದೇ ಹೆಜ್ಜೆಯಲ್ಲಿ ಮಾಡುವ ಸೂಚನೆ ಇರುವ ಯಂತ್ರದಲ್ಲಿ ರೌಂಡಿಂಗ್ (ಹೆಚ್ಚಾದ ದಶಮಾಂಶ ಅಂಕಿಗಳನ್ನು ಹತ್ತಿರದ ಮೌಲ್ಯಕ್ಕೆ ಸರಿಪಡಿಸುವುದು) ಒಮ್ಮೆ ನಡೆಯುತ್ತದೆ, ಇಲ್ಲದ ಯಂತ್ರದಲ್ಲಿ ಎರಡು ಬಾರಿ. ಕೊನೆಯ ಅಂಕಿ ಬೇರೆಯಾಗಲು ಅಷ್ಟು ಸಾಕು. ಹವಾಮಾನ ಮಾದರಿ ಓಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ನಿಮ್ಮ ಮಾದರಿಯಲ್ಲಿ ಇನ್ನೂ ತೀಕ್ಷ್ಣ: ‘ಈ ವ್ಯಕ್ತಿಗೆ ಸೋಂಕು ತಗಲಿತೇ’ ಎಂಬ ನಿರ್ಧಾರ ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ ಎಂದಾದರೆ ಅಲ್ಲಿಂದ ಮುಂದೆ ಎರಡು ಓಟಗಳೂ ಬೇರೆಯೇ ಕಥೆ ಹೇಳುತ್ತವೆ.

ಇನ್ನೊಂದು ಕಡೆಯಿಂದಲೂ ವ್ಯತ್ಯಾಸ ನುಸುಳುತ್ತದೆ. ಡಾಕರ್‌ಫೈಲ್‌ನಲ್ಲಿ ‘ಲೇಟೆಸ್ಟ್’ (ಸದ್ಯದ ಹೊಸ ಆವೃತ್ತಿ) ಟ್ಯಾಗ್ ಬರೆದು, ಪೈಥಾನ್ ಪ್ಯಾಕೇಜುಗಳ ಆವೃತ್ತಿ ನಮೂದಿಸದೆ ಬಿಟ್ಟರೆ, ಈ ತಿಂಗಳು ಇಮೇಜ್ ಕಟ್ಟಿದವರ ಬಳಿ ಪೈಥಾನ್‌ನ ಗಣಿತ ಲೈಬ್ರರಿ ನಮ್‌ಪೈಯ ಒಂದು ಆವೃತ್ತಿ, ಮುಂದಿನ ತಿಂಗಳು ಕಟ್ಟಿದವರ ಬಳಿ ಇನ್ನೊಂದು. ಮೂಲ ಇಮೇಜನ್ನು ಅದರ ಡೈಜೆಸ್ಟ್‌ನಿಂದಲೇ (ಒಳಗಿನ ವಸ್ತುವಿನಿಂದ ಲೆಕ್ಕ ಹಾಕಿದ ಗುರುತು) ಗುರುತಿಸಿ. ಪ್ರತಿ ಪ್ಯಾಕೇಜಿನ ಆವೃತ್ತಿಯನ್ನೂ ಬರೆದಿಡಿ.

ತಾಳೆ ನೋಡಲು ಇದೊಂದೇ ಕಾರಣವಲ್ಲ. ವೇಗಕ್ಕಾಗಿ ಮಿತಿ ಮೀರಿ ಓಡಿಸುತ್ತಿರುವ ಪ್ರೋಸೆಸರ್, ಕೆಟ್ಟ ಮೆಮೊರಿ, ಮಾಡಿದ ಕೆಲಸಕ್ಕೆ ಬೋಯಿಂಕ್ ಕೊಡುವ ಅಂಕಗಳಿಗಾಗಿ ಸುಳ್ಳು ಫಲಿತಾಂಶ ಕಳುಹಿಸುವವರು, ಇವೆಲ್ಲ ಕಂಟೇನರ್‌ನ ಹೊರಗಿನ ಸಂಗತಿಗಳು.

ರಾತ್ರಿಗಣಕ:

ನಾನು ಪ್ರೋಗ್ರಾಂ ಬರೆಯುವವನಲ್ಲ, ಕಂಪ್ಯೂಟರ್ ಕೊಡುವವನು. ಭೂಮಿಯಾಚೆಗಿನ ಬುದ್ಧಿಜೀವಿಗಳ ಸಂಕೇತ ಹುಡುಕುತ್ತಿದ್ದ ಸೆಟಿ ಅಟ್ ಹೋಮ್‌ನ ದಿನಗಳಿಂದ ಕೊಡುತ್ತಿದ್ದೇನೆ; 2020ರ ಮಾರ್ಚ್‌ನಲ್ಲಿ ಅದು ಕೆಲಸ ಹಂಚುವುದನ್ನು ನಿಲ್ಲಿಸಿದ ಮೇಲೆ ಬೇರೆ ಯೋಜನೆಗಳಿಗೆ.

3 ಜಿಬಿ ಎಂದು ಓದಿ ಬರೆಯಲೇಬೇಕೆನಿಸಿತು. ತಿಂಗಳಿಗೆ ಇಷ್ಟೇ ಡೇಟಾ ಎಂಬ ಮಿತಿ ಇರುವವರು ನಮ್ಮಲ್ಲಿ ಬಹಳ ಮಂದಿ. ಇಮೇಜ್ ಒಮ್ಮೆ ಇಳಿದರೆ ಸರಿ, ಆದರೆ ನೀವು ಕೋಡಿನ ಒಂದು ಸಾಲು ತಿದ್ದಿದಾಗಲೆಲ್ಲ ಅಷ್ಟೂ ಮತ್ತೆ ಇಳಿಯುವಂತಾದರೆ ನಾವು ಸದ್ದಿಲ್ಲದೆ ಯೋಜನೆ ಬಿಡುತ್ತೇವೆ. ಯಾಕೆ ಬಿಟ್ಟೆವೆಂದು ನಿಮಗೆ ತಿಳಿಯುವುದೂ ಇಲ್ಲ.

ಇನ್ನೊಂದು ವಿನಂತಿ. ನಾನು ಕಂಪ್ಯೂಟರ್ ಬಳಸಲು ಕುಳಿತಾಗ ಬೋಯಿಂಕ್ ನಿಮ್ಮ ಕೆಲಸವನ್ನು ತಡೆದು ನಿಲ್ಲಿಸುತ್ತದೆ. ಕಂಟೇನರ್ ಹಾಗೆ ಸ್ತಬ್ಧವಾದಾಗಲೂ ಅದರ ಮೆಮೊರಿ ನನಗೆ ಮರಳುವುದಿಲ್ಲ. ರಾತ್ರಿ ಯಂತ್ರ ಆರಿಸಿದರೆ ಆ ಮೆಮೊರಿಯಲ್ಲಿದ್ದುದೆಲ್ಲ ಹೋಗುತ್ತದೆ. ಪ್ರೋಗ್ರಾಂ ನಡುನಡುವೆ ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಡದಿದ್ದರೆ ನಾನು ಕೊಟ್ಟ ಗಂಟೆಗಳೂ ವಿದ್ಯುತ್ತೂ ವ್ಯರ್ಥ. ಶೂನ್ಯದಿಂದ ಮತ್ತೆ ಶುರುವಾಗುವ ಕೆಲಸ ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ.

ಅಲೆಮಾದರಿ:

ಇಬ್ಬರಿಗೂ ಧನ್ಯವಾದ. ಇಮೇಜ್‌ನಲ್ಲಿ ಕಂಪೈಲರ್, ನಕ್ಷೆ ಬಿಡಿಸುವ ಪ್ಯಾಕೇಜುಗಳು ಎಲ್ಲವೂ ಹಾಗೆಯೇ ಉಳಿದಿವೆ, ಅವು ಸ್ವಯಂಸೇವಕರಿಗೆ ಬೇಕಿಲ್ಲ. ಸ್ಥಿತಿ ಉಳಿಸುವುದನ್ನು ಕಂಟೇನರ್ ತಾನೇ ಮಾಡಿಕೊಳ್ಳುವುದಿಲ್ಲವೇ? ಮತ್ತು ಒಂದು ನಿರ್ಧಾರದಿಂದಲೇ ಓಟಗಳು ಬೇರೆಯಾಗುವುದಾದರೆ ತಾಳೆ ನೋಡುವುದಾದರೂ ಹೇಗೆ?

ಸರ್ವರ್‌ಪಾಲಕ:

ಉಳಿಸುವ ಕೆಲಸ ನಿಮ್ಮ ಪ್ರೋಗ್ರಾಂನದೇ. ಕಂಟೇನರ್‌ನೊಳಗೆ ಜೋಡಿಸಿದ ಹೊರಗಿನ ಫೋಲ್ಡರಿನಲ್ಲಿ ಬರೆಯಿರಿ. ಮೊದಲು ತಾತ್ಕಾಲಿಕ ಫೈಲಿಗೆ ಬರೆದು, ಆಮೇಲೆ ಹೆಸರು ಬದಲಿಸಿ. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೂ ಹಿಂದಿನ ಪ್ರತಿ ಉಳಿಯುತ್ತದೆ. ಯಾದೃಚ್ಛಿಕ ಸಂಖ್ಯೆಗಳ ಜನಕದ ಸ್ಥಿತಿಯನ್ನೂ ಉಳಿಸಬೇಕು, ಇಲ್ಲವಾದರೆ ಮರಳಿ ಶುರುವಾದ ಓಟ ಬೇರೆ ದಾರಿ ಹಿಡಿಯುತ್ತದೆ. ಆ ಜನಕ ಶುರುವಾಗುವ ಬೀಜ ಸಂಖ್ಯೆಯನ್ನು ಗಡಿಯಾರದಿಂದ ತೆಗೆದುಕೊಳ್ಳಬೇಡಿ, ಪ್ರತಿ ಕೆಲಸದೊಂದಿಗೆ ಸರ್ವರ್‌ನಿಂದಲೇ ಕಳುಹಿಸಿ.

ಇಮೇಜ್ ಕಟ್ಟುವಾಗ ಎರಡು ಹಂತ ಮಾಡಿ. ಕಂಪೈಲರ್ ಮೊದಲ ಹಂತದಲ್ಲೇ ಉಳಿಯಲಿ, ಎರಡನೆಯದಕ್ಕೆ ಸಿದ್ಧ ಪ್ರೋಗ್ರಾಂ ಮಾತ್ರ ಹೋಗಲಿ. ಪದರಗಳ ಕ್ರಮವೂ ಮುಖ್ಯ: ಬದಲಾಗದ ಲೈಬ್ರರಿಗಳು ಕೆಳಗೆ, ದಿನವೂ ತಿದ್ದುವ ನಿಮ್ಮ ಕೋಡ್ ಮೇಲೆ. ಆಗ ತಿದ್ದಿದ ಮೇಲಿನ ಪದರವಷ್ಟೇ ಹೊಸದಾಗುತ್ತದೆ, ರಾತ್ರಿಗಣಕರಂಥವರು ಉಳಿಯುತ್ತಾರೆ. ಹೊರಗಿನ ಜಾಲ ಬೇಕಿಲ್ಲದಿದ್ದರೆ ಓಡುವಾಗ ಕಂಟೇನರ್‌ಗೆ ಸಂಪರ್ಕ ಕೊಡಲೇಬೇಡಿ.

ತಾಳೆಗೆ ನಿಮ್ಮ ಮುಂದೆ ಎರಡು ದಾರಿಗಳಿವೆ. ಬೋಯಿಂಕ್‌ನಲ್ಲಿ ಒಂದೇ ಬಗೆಯ ಆಪರೇಟಿಂಗ್ ಸಿಸ್ಟಮ್ ಮತ್ತು ಪ್ರೋಸೆಸರ್ ಇರುವವರಿಗೇ ಒಂದು ಕೆಲಸದ ಎರಡೂ ಪ್ರತಿಗಳನ್ನು ಕೊಡುವ ಸೌಲಭ್ಯವಿದೆ. ಅದು ಸುಲಭ, ಆದರೆ ಅದೇ ಬಗೆಯ ಜೊತೆಗಾರರು ಸಿಗುವವರೆಗೆ ಕೆಲಸ ಕಾಯುತ್ತ ಕೂರುತ್ತದೆ. ನಿಮ್ಮ ಜಾಗದಲ್ಲಿದ್ದರೆ ನಾನು ಇನ್ನೊಂದನ್ನು ಹಿಡಿಯುತ್ತಿದ್ದೆ: ಸೋಂಕಿನ ಸಂಭವನೀಯತೆಗಳನ್ನು ಪೂರ್ಣಾಂಕಗಳ ಕೋಷ್ಟಕವಾಗಿ ಮೊದಲೇ ಲೆಕ್ಕ ಹಾಕಿ ಇಮೇಜ್‌ನಲ್ಲೇ ಇಡುವುದು, ಓಟದ ನಡುವಿನ ಹೋಲಿಕೆಗಳೆಲ್ಲ ಪೂರ್ಣಾಂಕಗಳಲ್ಲೇ ನಡೆಯುವಂತೆ ಮಾಡುವುದು. ಪೂರ್ಣಾಂಕಗಳಲ್ಲಿ ಪ್ರೋಸೆಸರ್‌ಗಳಿಗೆ ಭಿನ್ನಾಭಿಪ್ರಾಯವಿಲ್ಲ. ಎರಡು ಫಲಿತಾಂಶಗಳನ್ನು ಅಕ್ಷರಶಃ ಹೋಲಿಸಬಹುದು, ಆರ್ಮ್ ಯಂತ್ರದ ಉತ್ತರವನ್ನೂ ಇಂಟೆಲ್ ಯಂತ್ರದ ಉತ್ತರದ ಪಕ್ಕದಲ್ಲಿಟ್ಟು ನೋಡಬಹುದು. ನಿಮ್ಮ ಸಿ ಪ್ಲಸ್ ಪ್ಲಸ್ ಭಾಗದಲ್ಲಿ ಸಂಭವನೀಯತೆಯ ಲೆಕ್ಕ ಎಷ್ಟು ಕಡೆ ಬರುತ್ತದೆ ಎಂದು ತಿಳಿಸಿ, ಅದನ್ನು ಹೇಗೆ ಬದಲಿಸುವುದೆಂದು ಜೊತೆಯಲ್ಲೇ ನೋಡೋಣ.