ಅಪಲಾಚಿಯಾದ ಸಿಹಿಜೋಳದ ಪಾಕ: ಒಮ್ಮೆ ಹರಳು, ಒಮ್ಮೆ ಲೋಳೆ, ಯಾಕೆ?

ಪ್ರಶ್ನೆ
ಪೂರ್ವ ಟೆನೆಸ್ಸಿ, ಪಶ್ಚಿಮ ಉತ್ತರ ಕೆರೊಲಿನಾ, ಉತ್ತರ ಜಾರ್ಜಿಯಾ ಸೇರಿದ ಅಮೆರಿಕದ ಅಪಲಾಚಿಯಾ ಗುಡ್ಡಗಾಡಿನ ಅಡುಗೆಯ ಬಗ್ಗೆ ಓದಿದಾಗಲೆಲ್ಲ ಸಿಹಿಜೋಳದ (ಸೋರ್ಗಮ್) ದಂಟಿನ ಪಾಕ ಎದುರಾಗುತ್ತದೆ. ಅಮೆರಿಕದ ದಕ್ಷಿಣದಲ್ಲೇ ಕಬ್ಬು ಬೆಳೆಯುತ್ತಿದ್ದರೂ ಇವರು ಜೋಳದ ದಾರಿ ಹಿಡಿದದ್ದೇಕೆ? ಇನ್ನೊಂದು, ಕೆಲವು ಪಾಕ ವರ್ಷವಿಡೀ ಕೆಡುವುದಿಲ್ಲ, ಕೆಲವು ಹರಳುಗಟ್ಟುತ್ತದೆ ಇಲ್ಲವೇ ಲೋಳೆಯಾಗುತ್ತದೆ. ತಪ್ಪುವುದು ಎಲ್ಲಿ?

ಉತ್ತರ 1
ಮೊದಲ ಪ್ರಶ್ನೆಗಷ್ಟೇ ಹೇಳುತ್ತೇನೆ. ಕಬ್ಬಿಗೆ ಲೂಸಿಯಾನಾದಂಥ ದೀರ್ಘ ಬೆಚ್ಚನೆಯ ಕಾಲ ಬೇಕು, ಈ ಗುಡ್ಡಗಾಡಿನ ಬ್ಲೂ ರಿಡ್ಜ್ ಬೆಟ್ಟಸಾಲಿನ ಕಣಿವೆಗಳಲ್ಲಿ ಅದಿಲ್ಲ. ಸಿಹಿಜೋಳ ನಾಲ್ಕು ತಿಂಗಳ ಆಸುಪಾಸಿಗೆ ಕಟಾವಿಗೆ ಬರುತ್ತದೆ. ಆಫ್ರಿಕಾ ಮೂಲದ ಈ ಬೆಳೆ ಅಮೆರಿಕದ ರೈತರಲ್ಲಿ ಹರಡಿದ್ದು 1850ರ ದಶಕದಲ್ಲಿ. 1858ರಲ್ಲಿ ಒಹಾಯೋದ ಕುಕ್ ಎಂಬವರು ಅಡ್ಡಪಟ್ಟಿಗಳಿರುವ ಚಪ್ಪಟೆ ಬಾಣಲೆಗೆ ಪೇಟೆಂಟ್ ಪಡೆದರು: ಒಂದು ತುದಿಯಲ್ಲಿ ರಸ ಬಿಟ್ಟರೆ ಸುತ್ತಿ ಸುತ್ತಿ ಹರಿದು ಇನ್ನೊಂದು ತುದಿಗೆ ಪಾಕವಾಗಿ ಬರುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ, 1862ರಲ್ಲಿ, ಲೂಸಿಯಾನಾದ ಬಂದರು ನ್ಯೂ ಆರ್ಲಿಯನ್ಸ್ ಉತ್ತರದವರ (ಯೂನಿಯನ್) ಸೇನೆಯ ಕೈಸೇರಿತು, ಲೂಸಿಯಾನಾದ ಸಕ್ಕರೆಯ ದಾರಿ ಮುಚ್ಚಿತು. ಮುಂದೆ ಟೆನೆಸ್ಸಿಯ ಚಟನೂಗಾ ಊರಿನ ನೇಗಿಲು ಕಂಪನಿಯೇ ಗಾಣಗಳನ್ನೂ ಮಾಡಿ ಮಾರಿತು. ಗಾಣದವನ ಕೂಲಿ ಪಾಕದಲ್ಲೇ ಒಂದು ಪಾಲು, ರೊಕ್ಕ ಬೇಕಿರಲಿಲ್ಲ. ಹರಡಿದ್ದಕ್ಕೆ ಯುದ್ಧಕ್ಕಿಂತ ಈ ಲೆಕ್ಕವೇ ದೊಡ್ಡ ಕಾರಣ ಎಂದು ನನ್ನ ಅನಿಸಿಕೆ.

ಉತ್ತರ 2
ತಪ್ಪು ಹೆಚ್ಚಾಗಿ ಒಲೆಯಲ್ಲಲ್ಲ, ಹೊಲದಲ್ಲೇ ಶುರುವಾಗುತ್ತದೆ. ಹಾಲುಗಾಳು ದಾಟಿ, ಉಗುರಲ್ಲಿ ಒತ್ತಿದರೆ ಕಾಳು ಹಿಟ್ಟಾಗುವ ಹಂತದಲ್ಲಿ ಕಡಿಯಬೇಕು. ಗರಿ ಸುಲಿಯದಿದ್ದರೆ ಪಾಕಕ್ಕೆ ಹಸಿ ಹುಲ್ಲಿನ ವಾಸನೆ. ತೆನೆಯನ್ನು ಮೇಲಿನ ಒಂದು ಗೆಣ್ಣಿನ ಸಮೇತ ತೆಗೆಯಲೇಬೇಕು, ಕಾಳು ಗಾಣಕ್ಕೆ ಸಿಕ್ಕರೆ ಪಿಷ್ಟ ರಸಕ್ಕೆ ಸೇರುತ್ತದೆ. ಲೋಳೆಯಾಗುವುದು ಆ ಪಿಷ್ಟದಿಂದಲೇ. ಹಿಂಡಿದ ರಸವನ್ನು ಸೋಸಿ ಎರಡು ಮೂರು ಗಂಟೆ ಕದಡದೆ ಬಿಟ್ಟು, ತಳದ ಗಸಿ ಬಿಟ್ಟು ಮೇಲಿನದನ್ನಷ್ಟೇ ಬಾಣಲೆಗೆ ಹರಿಸಬೇಕು. ಈಗಿನವರು ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವವನ್ನೂ ಬಳಸುತ್ತಾರೆ.

ಮೂರು ರೋಲರಿನ ಗಾಣದಲ್ಲಿ ದಂಟು ಒಳಹೋಗುವ ಕಡೆ ಅಂಗುಲದ ಎಂಟರಲ್ಲಿ ಮೂರು ಭಾಗ, ಹೊರಬರುವ ಕಡೆ ಅಂಗುಲದ ಹದಿನಾರರಲ್ಲಿ ಒಂದು ಭಾಗ ಸಂದಿ ಇರಲಿ. ನೂರು ಪೌಂಡ್ ದಂಟಿಗೆ ಐವತ್ತು ಪೌಂಡಿನ ಹತ್ತಿರ ರಸ ಬಂದರೆ ಗಾಣ ಸರಿಯಿದೆ. ಹೇಸರಗತ್ತೆ ಸುತ್ತುವ ಗಾಣವಾದರೆ ದಂಟು ಕೊಡುವವರು ನೊಗದ ಮರ ಬಂದಾಗಲೆಲ್ಲ ತಲೆ ತಗ್ಗಿಸಬೇಕು!

ಕಾಯಿಸುವಾಗ ಹಸಿರು ನೊರೆಯನ್ನು ಬಿಡದೆ ತೆಗೆಯಿರಿ. ಕುದಿಗೆ ಬೆರೆತರೆ ಕಹಿ, ಬಣ್ಣವೂ ಮಂಕು. ಸುಮಾರು ಹತ್ತು ಗ್ಯಾಲನ್ ರಸಕ್ಕೆ ಒಂದು ಗ್ಯಾಲನ್ ಪಾಕ.

ಪ್ರಶ್ನೆ ಕೇಳಿದವರು
ಪಿಷ್ಟದ ವಿಷಯ ಸ್ಪಷ್ಟವಾಯಿತು. ಹರಳು? ಇಳಿಸುವ ಹದ ಗೊತ್ತಾಗುವುದು ಹೇಗೆ?

ಉತ್ತರ 3
ಹರಳಿಗೆ ಕಾರಣ ಎರಡು: ಸುಕ್ರೋಸ್ (ನಾವು ದಿನವೂ ಬಳಸುವ ಸಕ್ಕರೆ) ಹೆಚ್ಚಿರುವ ರಸ, ಅತಿಯಾಗಿ ಕಾಯಿಸುವುದು. ಕಡಿದ ದಂಟನ್ನು ಕೆಲವು ದಿನ ಬಿಟ್ಟು ಹಿಂಡುವ ಪದ್ಧತಿ ಇದಕ್ಕೇ, ಅಷ್ಟರಲ್ಲಿ ಸುಕ್ರೋಸಿನ ಒಂದಷ್ಟು ಭಾಗ ಸರಳ ಸಕ್ಕರೆಯಾಗುತ್ತದೆ. ಹದ 78ರಿಂದ 80 ಬ್ರಿಕ್ಸ್, ಅಂದರೆ ನೂರು ಭಾಗ ಪಾಕದಲ್ಲಿ ಸುಮಾರು ಅಷ್ಟು ಭಾಗ ಸಕ್ಕರೆ. ಕಡಿಮೆಯಾದರೆ ಹುಳಿಯುತ್ತದೆ, ಹೆಚ್ಚಾದರೆ ಹರಳು.

ಥರ್ಮಾಮೀಟರ್ ಇದ್ದರೆ ಸಮುದ್ರಮಟ್ಟದ 226 ಡಿಗ್ರಿ ಫ್ಯಾರನ್‌ಹೀಟ್ ಎಂಬ ಅಂಕಿಯನ್ನು ಬೆಟ್ಟದ ಮೇಲೆ ಹಾಗೇ ನಂಬಬೇಡಿ. ಎತ್ತರ ಸುಮಾರು 500 ಅಡಿ ಏರಿದಂತೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಅದೇ ಜಾಗದಲ್ಲಿ ಬರೀ ನೀರು ಕುದಿಸಿ ನೋಡಿ, ಅದಕ್ಕಿಂತ 14 ಡಿಗ್ರಿ ಮೇಲೆ ಹೋದಾಗ ಇಳಿಸಿ. ಥರ್ಮಾಮೀಟರ್ ಇಲ್ಲದ ಹಳಬರು ಗುಳ್ಳೆ ಕಪ್ಪೆಕಣ್ಣಿನಷ್ಟು ದಪ್ಪವಾಗುವುದನ್ನೂ, ಸೌಟಿನಂಚಿನಿಂದ ಪಾಕ ಹನಿಯಾಗಿ ಬೀಳದೆ ಪದರವಾಗಿ ಜಾರುವುದನ್ನೂ ನೋಡುತ್ತಿದ್ದರು. ಇಳಿಸಿದ ಮೇಲೆ ಬೇಗ ಆರಿಸಿ, ಬಿಸಿಯಲ್ಲೇ ಬಹಳ ಹೊತ್ತು ಬಿಟ್ಟರೆ ಕಪ್ಪಾಗುತ್ತದೆ.