ಪ್ರಾಗ್‌ನಲ್ಲಿ ಶನಿವಾರ-ಭಾನುವಾರ ನಡೆದು ನೋಡುವುದು: ಯಾವುದು ಮೊದಲು, ಯಾವುದು ಆಮೇಲೆ?

ಪಯಣಿಗ:
ಅಕ್ಟೋಬರ್‌ನಲ್ಲಿ ಒಂದು ವಾರಾಂತ್ಯ ಪ್ರಾಗ್‌ನಲ್ಲಿರುತ್ತೇವೆ. ಬಸ್ ಟೂರ್ ಬೇಡ, ನಡೆದೇ ನೋಡಬೇಕು. ಶನಿವಾರ ಹಳೇ ಪಟ್ಟಣ ಮತ್ತು ಯೋಸೆಫೋವ್‌ನ ಯಹೂದಿ ಕೇರಿ, ಭಾನುವಾರ ಬೆಳಿಗ್ಗೆಯೇ ಚಾರ್ಲ್ಸ್ ಸೇತುವೆ ದಾಟಿ ಕೋಟೆ ಹತ್ತುವುದು ಅಂತ ಪ್ಲಾನ್. ಜೊತೆಗೆ ಅಮ್ಮ ಇರ್ತಾರೆ. ಸಮತಟ್ಟಾದ ದಾರಿಯಲ್ಲಿ ನಾಲ್ಕೈದು ಕಿ.ಮೀ. ನಡೀತಾರೆ, ಆದರೆ ಮಂಡಿನೋವು. ಈ ಕ್ರಮ ಸರಿ ಇದೆಯಾ?

ಹಳೇಪೇಟೆ:
ಎರಡೂ ದಿನ ತಿರುವುಮುರುವಾಗಿವೆ. ಶನಿವಾರ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ. ಯೋಸೆಫೋವ್‌ನ ಸಿನಗಾಗ್‌ಗಳೂ (ಯಹೂದಿ ಪ್ರಾರ್ಥನಾ ಮಂದಿರಗಳು) ಹಳೇ ಸ್ಮಶಾನವೂ ಪ್ರವಾಸಿಗರಿಗೆ ಮುಚ್ಚಿರುತ್ತವೆ. ಭಾನುವಾರ ಬೆಳಿಗ್ಗೆ ಕೋಟೆಯೊಳಗಿನ ಸಂತ ವಿಟಸ್ ಕೆಥೆಡ್ರಲ್‌ನಲ್ಲಿ ಪ್ರಾರ್ಥನೆ ಇರುತ್ತದೆ, ನೋಡಲು ಬರುವವರನ್ನು ಮಧ್ಯಾಹ್ನದ ಮೇಲೇ ಬಿಡುವುದು. ಹಾಗಾಗಿ ಶನಿವಾರ ಕೋಟೆ, ಭಾನುವಾರ ಯೋಸೆಫೋವ್. ಯಹೂದಿ ಹಬ್ಬಗಳು ಕೆಲವು ವರ್ಷ ಅಕ್ಟೋಬರ್‌ನಲ್ಲೇ ಬೀಳುತ್ತವೆ, ಆಗಲೂ ರಜೆ. ನಿಮ್ಮ ತಾರೀಖು ಒಮ್ಮೆ ನೋಡಿಕೊಳ್ಳಿ.

ಇನ್ನು ದಾರಿ. ಪಟ್ಟಾಭಿಷೇಕಕ್ಕೆ ರಾಜರು ಹೋಗುತ್ತಿದ್ದ ಮಾರ್ಗವನ್ನೇ ಎಲ್ಲರೂ ಹಿಡಿಯುತ್ತಾರೆ: ಪೌಡರ್ ಟವರ್, ತ್ಸೆಲೆತ್ನಾ ಬೀದಿ, ಹಳೇ ಪಟ್ಟಣದ ಚೌಕ, ಕಾರ್ಲೋವಾ ಬೀದಿ, ಸೇತುವೆ, ಆಮೇಲೆ ನೆರುದೋವಾ ಬೀದಿಯ ಏರು. ಒಟ್ಟು ಸುಮಾರು 2.5 ಕಿ.ಮೀ. ದೂರ ದೊಡ್ಡದಲ್ಲ. ತೊಂದರೆ ಏನೆಂದರೆ ಏರೆಲ್ಲ ಕೊನೆಯಲ್ಲೇ ಬರುತ್ತದೆ, ಕಾಲು ಸೋತ ಮೇಲೆ. ಅದರ ಬದಲು 22ನೇ ನಂಬರ್ ಟ್ರಾಮ್‌ನಲ್ಲಿ ಪೊಹೊರ್ಜೆಲೆಟ್ಸ್ ಸ್ಟಾಪಿನವರೆಗೆ ಹೋಗಿಬಿಡಿ. ಅದು ಕೋಟೆಗಿಂತಲೂ ಮೇಲಿದೆ. ಸ್ತ್ರಾಹೋವ್ ಮಠ ನೋಡಿ, ಲೊರೆಟಾ ಚೌಕದ ಮೇಲೆ ಹಾದು, ಇಳಿಜಾರಿನಲ್ಲೇ ಕೋಟೆಯ ಮುಖ್ಯ ದ್ವಾರ ಸೇರಬಹುದು. ನೋಡಿ ಮುಗಿದ ಮೇಲೆ ಪೂರ್ವದ ಬಾಗಿಲಿನಿಂದ ಹಳೇ ಕೋಟೆ ಮೆಟ್ಟಿಲು ಇಳಿದರೆ ಮಲೊಸ್ತ್ರಾನ್ಸ್ಕಾ ಮೆಟ್ರೊ.

ಟ್ರಾಮ್_22:
ಮೇಲಿನವರ ದಾರಿ ಚೆನ್ನಾಗಿದೆ, ಆದರೆ ಮಂಡಿನೋವು ಇರುವವರನ್ನು ಆ ಮೆಟ್ಟಿಲಿಗೆ ಕರೆದೊಯ್ಯಬೇಡಿ. ನೂರಕ್ಕೂ ಮೇಲೆ ಮೆಟ್ಟಿಲು. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಹಿಂಸೆ. ಅಮ್ಮನ ಜೊತೆಗಾದರೆ ಅದೇ ಟ್ರಾಮ್‌ನಲ್ಲಿ ಎರಡು ಸ್ಟಾಪ್ ಮುಂಚೆ, ‘ಪ್ರಾಜ್ಸ್ಕಿ ಹ್ರಾದ್’ನಲ್ಲಿ ಇಳಿಯಿರಿ. ಅಲ್ಲಿಂದ ಕಂದಕದ ಮೇಲಿನ ಸೇತುವೆ ದಾಟಿದರೆ ನೇರ ಕೋಟೆಯ ಎರಡನೇ ಅಂಗಳ, ಹೆಚ್ಚುಕಮ್ಮಿ ಮಟ್ಟಸ ದಾರಿ. ಬಂದ ದಾರಿಯಲ್ಲೇ ಹಿಂತಿರುಗಿ ಟ್ರಾಮ್ ಹತ್ತಿ ಮಲೊಸ್ತ್ರಾನ್ಸ್ಕೆ ನಾಮ್ಯೆಸ್ತಿಯಲ್ಲಿ ಇಳಿದರೆ ಚಾರ್ಲ್ಸ್ ಸೇತುವೆ ಐದೇ ನಿಮಿಷ.

ಕೆಥೆಡ್ರಲ್‌ನ ಗೋಪುರಕ್ಕೆ 287 ಮೆಟ್ಟಿಲು, ಲಿಫ್ಟ್ ಇಲ್ಲ, ಟಿಕೆಟ್ಟೂ ಬೇರೆ. ಎತ್ತರದಿಂದ ಊರು ನೋಡುವ ಆಸೆಯಿದ್ದರೆ ಚೌಕದಲ್ಲಿರುವ ಹಳೇ ಪುರಭವನದ ಗೋಪುರಕ್ಕೆ ಲಿಫ್ಟ್ ಇದೆ. 1410ರ ಖಗೋಳ ಗಡಿಯಾರ ಇರುವುದೂ ಅದೇ ಕಟ್ಟಡದಲ್ಲಿ. ಗಂಟೆ ಬಾರಿಸುವಾಗ ಕೆಳಗೆ ನೂರಾರು ಜನ ಕತ್ತೆತ್ತಿ ನಿಂತಿರುತ್ತಾರೆ. ಬೊಂಬೆಗಳ ಆಟ ಒಂದು ನಿಮಿಷವೂ ಇಲ್ಲ, ಅದಕ್ಕಾಗಿ ಅರ್ಧ ಗಂಟೆ ಮುಂಚೆ ಜಾಗ ಹಿಡಿಯಬೇಕಿಲ್ಲ. ಜೇಬಿನ ಮೇಲೆ ಮಾತ್ರ ಕೈಯಿರಲಿ. ತುಂಬಿದ 22ರಲ್ಲೂ ಅಷ್ಟೇ.

ಪೇಪರ್ ಟಿಕೆಟ್ ಕೊಂಡರಷ್ಟೇ ಸಾಲದು, ಮೊದಲ ಸಲ ಹತ್ತಿದಾಗ ಹಳದಿ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಒತ್ತಿಸದ ಟಿಕೆಟ್ಟಿಗೂ ದಂಡ ಬೀಳುತ್ತದೆ. ಅವಧಿಯೊಳಗೆ ಟ್ರಾಮ್, ಮೆಟ್ರೊ ಬದಲಿಸಬಹುದು, ಮತ್ತೆ ಒತ್ತಿಸಬೇಡಿ. ರಸ್ತೆ ದಾಟುವಾಗ ನೆನಪಿರಲಿ: ಜೀಬ್ರಾ ಪಟ್ಟೆಯ ಮೇಲೆ ಕಾರು ನಿಮಗಾಗಿ ನಿಲ್ಲಬೇಕು, ಟ್ರಾಮ್ ನಿಲ್ಲಬೇಕಿಲ್ಲ. ಅಲ್ಲಿನ ಕಾನೂನಿನಲ್ಲೇ ಟ್ರಾಮ್‌ಗೆ ಮೊದಲ ಹಕ್ಕು.

ಕಲ್ಲುಹಾಸು:
ಶೂ ಬಗ್ಗೆ ಯಾರೂ ಹೇಳಲಿಲ್ಲ. ಫುಟ್‌ಪಾತ್‌ಗೆ ಹಾಸಿರುವುದು ಬೆರಳುದ್ದದ ಚೌಕ ಕಲ್ಲುಗಳು, ಬಿಳಿ-ಬೂದು ಬಣ್ಣದ ವಿನ್ಯಾಸದಲ್ಲಿ. ನೂರಾರು ಕಾಲು ತುಳಿದು ನುಣ್ಣಗಾಗಿವೆ, ಅಕ್ಟೋಬರ್ ಮಳೆಗೆ ನೆನೆದರೆ ಜಾರುತ್ತವೆ. ಚರ್ಮದ ಅಡಿಯ ಶೂ ಬೇಡ. ರಬ್ಬರ್ ಅಡಿ, ಸ್ವಲ್ಪ ದಪ್ಪವಾಗಿರಲಿ. ತೆಳು ಅಡಿಯಲ್ಲಿ ಒಂದೊಂದು ಕಲ್ಲಿನ ಅಂಚೂ ಪಾದಕ್ಕೆ ಒತ್ತುತ್ತದೆ.

ಚಾರ್ಲ್ಸ್ ಸೇತುವೆ 516 ಮೀಟರ್ ಉದ್ದ, ಹತ್ತು ಮೀಟರಿನಷ್ಟು ಅಗಲ. ಬೆಳಿಗ್ಗೆ ಎಂಟರೊಳಗೆ ಹೋದರೆ ನಿಂತು ಮೂರ್ತಿ ನೋಡಬಹುದು, ಹತ್ತರ ಮೇಲೆ ಜನರ ಬೆನ್ನು. ಮೂವತ್ತು ಮೂರ್ತಿಗಳಲ್ಲಿ ಬಹುಪಾಲು ಈಗ ಪ್ರತಿಕೃತಿಗಳು. 1683ರ ನೆಪೊಮುಕ್ ಸಂತನ ಕಂಚಿನ ಮೂರ್ತಿಯ ಬುಡದ ಫಲಕವನ್ನು ಗಮನಿಸಿ, ಜನ ಮುಟ್ಟಿ ಮುಟ್ಟಿ ಅಷ್ಟು ಜಾಗ ಮಾತ್ರ ಹೊಳೆಯುತ್ತದೆ. ಕಾರ್ಲೋವಾ ಬೀದಿಯ ನೂಕುನುಗ್ಗಲು ಬೇಡವೆಂದರೆ ಹುಸೋವಾದಿಂದ ರ್ಜೆತ್ಯೆಜೋವಾ, ಅನೆನ್ಸ್ಕಾ ಎಂಬ ಗಲ್ಲಿಗಳಲ್ಲಿ ನದಿ ದಂಡೆ ಸೇರಿ, ಬಲಕ್ಕೆ ತಿರುಗಿ.

ಹಣ: ಅಲ್ಲಿಯದು ಕೊರುನಾ, ಯೂರೊ ಅಲ್ಲ. ಎಟಿಎಂ ಅಥವಾ ಕಾರ್ಡ್ ಮಷಿನ್ ‘ನಿಮ್ಮ ದೇಶದ ಹಣದಲ್ಲಿ ಕಡಿತ ಮಾಡಲೇ?’ ಅಂತ ಕೇಳಿದರೆ ಬೇಡ ಅನ್ನಿ, ಕೊರುನಾ ಆರಿಸಿ. ವಿನಿಮಯ ಅಂಗಡಿಯಲ್ಲಿ ಮೋಸದ ದರ ಸಿಕ್ಕಿತೆಂದರೆ, 1000 ಯೂರೊ ಒಳಗಿನ ವ್ಯವಹಾರವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸುವ ಹಕ್ಕು 2019ರಿಂದ ಇದೆ. ರಸೀದಿ ಎಸೆಯಬೇಡಿ.

ಪಯಣಿಗ:
ತುಂಬ ಉಪಕಾರವಾಯ್ತು. ದಿನ ಬದಲಿಸಿದೆ, ಅಮ್ಮನಿಗೆ ಎರಡನೇ ಅಂಗಳದ ದಾರಿಯೇ ಸರಿ. ಇನ್ನೊಂದು: ರೂಮಿನ ವಿಳಾಸದಲ್ಲಿ 231/9 ಅಂತಿದೆ. ಇದರಲ್ಲಿ ಮನೆ ನಂಬರ್ ಯಾವುದು?

ಹಳೇಪೇಟೆ:
ಎರಡೂ. ಬಾಗಿಲ ಮೇಲೆ ಎರಡು ಫಲಕ ಇರುತ್ತವೆ. ಕೆಂಪು ಫಲಕದ 231 ಆ ಬಡಾವಣೆಯ ದಾಖಲೆಯಲ್ಲಿ ಕಟ್ಟಡಕ್ಕೆ ಕೊಟ್ಟ ಸಂಖ್ಯೆ. ಪಕ್ಕದ ಮನೆ 232 ಆಗಿರಲೇಬೇಕೆಂದಿಲ್ಲ, ಹಾಗಾಗಿ ಅದನ್ನು ಹಿಡಿದು ಹುಡುಕಿದರೆ ದಾರಿ ತಪ್ಪುತ್ತೀರಿ. ಬೀದಿಯಲ್ಲಿ ಕ್ರಮವಾಗಿ ಬರುವುದು ನೀಲಿ ಫಲಕದ 9. ಸಮ ಸಂಖ್ಯೆ ಒಂದು ಬದಿ, ಬೆಸ ಸಂಖ್ಯೆ ಇನ್ನೊಂದು ಬದಿ. ಸಾಮಾನ್ಯವಾಗಿ ನದಿಯಿಂದ ದೂರ ಹೋಗುವ ಬೀದಿಗಳಲ್ಲಿ ನದಿ ಕಡೆಯಿಂದ ಎಣಿಕೆ ಶುರು, ನದಿಗುಂಟ ಸಾಗುವ ಬೀದಿಗಳಲ್ಲಿ ನೀರು ಹರಿಯುವ ದಿಕ್ಕಿನಲ್ಲಿ. ವಲ್ಟಾವಾ ಉತ್ತರಕ್ಕೆ ಹರಿಯುತ್ತದೆ, ಕೋಟೆ ಅದರ ಪಶ್ಚಿಮ ದಂಡೆಯಲ್ಲಿ. ಇಷ್ಟು ಗೊತ್ತಿದ್ದರೆ ಫೋನ್ ಚಾರ್ಜ್ ಮುಗಿದರೂ ರೂಮು ಸಿಗುತ್ತದೆ.